ನಾಲ್ಕು ಡಿಸ್ಕ್, ಒಂದೇ ಅಡಾಪ್ಟರ್

ಡೇಟಾ ರಿಕವರಿ ಮಾಡುವ ನನ್ನ ಮೇಜಿಗೆ ಒಬ್ಬರು ನಾಲ್ಕು ಡಿಸ್ಕ್ ಹಿಡಿಸುವ ಪೆಟ್ಟಿಗೆ (ಎನ್‌ಕ್ಲೋಷರ್) ಒಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಡಿಸ್ಕುಗಳನ್ನು ಆಗಲೇ ಹೊರಗೆ ಎಳೆದಿದ್ದರು. "ಒಂದು ಕೆಟ್ಟರೆ ಉಳಿದ ಮೂರು ನೋಡ್ಕೊಳ್ತವೆ ಅಂತ ತಾನೇ ಸರ್ ಇದನ್ನ ತಗೊಂಡಿದ್ದು? ನಾಲ್ಕೂ ಒಟ್ಟಿಗೆ ಹೋಗಿಬಿಟ್ವು." ಮೇಜು ಒರೆಸುವಾಗ ಅಡಾಪ್ಟರ್ ಅದಲುಬದಲಾಗಿತ್ತು. 12 ವೋಲ್ಟ್ ಬೇಕಾದ ಪೆಟ್ಟಿಗೆಗೆ ಲ್ಯಾಪ್‌ಟಾಪಿನ 19 ವೋಲ್ಟ್ ಹೋಗಿತ್ತು. ಪಿನ್ ಮಾತ್ರ ಎರಡಕ್ಕೂ ಸರಿಯಾಗಿ ಕೂರುತ್ತಿತ್ತು.

ಡಿಸ್ಕಿನ ತಳದ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ, ಕರೆಂಟ್ ಬರುವ ಕನೆಕ್ಟರಿನ ಪಕ್ಕದಲ್ಲೇ ಒಂದು ಪುಟ್ಟ ಕಪ್ಪು ಡಯೋಡ್ ಕಾಣುತ್ತದೆ. ಟಿವಿಎಸ್ ಡಯೋಡ್ ಎನ್ನುತ್ತೇವೆ. ವೋಲ್ಟೇಜ್ ಮಿತಿ ಮೀರಿದಾಗ ತಾನು ಶಾರ್ಟ್ ಆಗಿ, ಹಿಂದಿರುವ ಚಿಪ್ಪುಗಳನ್ನು ಕಾಯುವುದು ಅದರ ಕೆಲಸ. ಮೂರು ಡಿಸ್ಕುಗಳಲ್ಲಿ ಅದು ತನ್ನ ಕೆಲಸ ಮಾಡಿ ಸತ್ತಿತ್ತು. ಕಿತ್ತು ತೆಗೆದು ಸರಿಯಾದ ಕರೆಂಟ್ ಕೊಟ್ಟಾಗ ಮೂರೂ ತಿರುಗಿದವು. ನಾಲ್ಕನೆಯದರಲ್ಲಿ ಮೋಟರ್ ನಡೆಸುವ ಚಿಪ್ಪೂ ಸುಟ್ಟು ಬೋರ್ಡಿನ ಮೇಲೆ ಕಂದು ಕಲೆ ಬಿದ್ದಿತ್ತು.

ಇಂಥ ಪೆಟ್ಟಿಗೆ ಕೊಳ್ಳುವವರೆಲ್ಲ ನಂಬುವುದು ರೇಡ್ ಎಂಬ ಪದವನ್ನು. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ತಮ್ಮ ಪ್ರಬಂಧದಲ್ಲಿ ಹೆಸರಿಟ್ಟ ವಿಧಾನ ಇದು. ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಕೈಕೊಟ್ಟರೂ ಕೆಲಸ ನಿಲ್ಲದ ಹಾಗೆ ಮಾಡುವುದು. ಅದು ಕೊಡುವ ಭರವಸೆ ಡಿಸ್ಕಿನ ಸಾವಿಗೆ ಮಾತ್ರ. ಅಡಾಪ್ಟರ್, ಪೆಟ್ಟಿಗೆಯೊಳಗಿನ ಬೋರ್ಡ್, ಯುಎಸ್‌ಬಿ ಕೇಬಲ್ ಎಲ್ಲವೂ ಒಂದೊಂದೇ. ತಪ್ಪಿ ಫೋಲ್ಡರ್ ಅಳಿಸಿದರೆ ಎಲ್ಲ ಡಿಸ್ಕಿನಿಂದಲೂ ಅದೇ ಕ್ಷಣಕ್ಕೆ ಅಳಿಯುತ್ತದೆ. ಆದ್ದರಿಂದ ಇದನ್ನು ಬ್ಯಾಕಪ್ ಎಂದು ಯಾರಾದರೂ ಕರೆದರೆ ನಾನು ತಡೆದು ತಿದ್ದುತ್ತೇನೆ.

ಅವರ ಪೆಟ್ಟಿಗೆ ರೇಡಿನ ಬಗೆಗಳಲ್ಲಿ ಒಂದಾದ ರೇಡ್ 5ರಲ್ಲಿತ್ತು. 4 ಟೆರಾಬೈಟಿನ ನಾಲ್ಕು ಡಿಸ್ಕ್ ಹಾಕಿದರೆ 12 ಟೆರಾಬೈಟ್ ಸಿಗುತ್ತದೆ, ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕಳೆದ ಡೇಟಾವನ್ನು ಮತ್ತೆ ಲೆಕ್ಕ ಹಾಕಲು ಇಡುವ ಮಾಹಿತಿಗೆ, ಹೋಗುತ್ತದೆ. ಹಾಗಾಗಿ ಮೂರೇ ಡಿಸ್ಕಿನಿಂದ ನಾಲ್ಕನೆಯದನ್ನು ಲೆಕ್ಕ ಹಾಕಿ ತೆಗೆಯಬಹುದು. ಇದೇ ಪ್ಯಾರಿಟಿಯೇ ಇಲ್ಲದೆ ಡೇಟಾ ಹಂಚಿಡುವ ರೇಡ್ 0 ಆಗಿದ್ದರೆ, ಆ ಸುಟ್ಟ ಬೋರ್ಡನ್ನು ಸರಿಮಾಡದೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಆದರೆ ಯಾವ ಡಿಸ್ಕ್ ಪೆಟ್ಟಿಗೆಯ ಯಾವ ಖಾನೆಯಲ್ಲಿತ್ತು ಎಂದು ಕೇಳಿದರೆ ಅವರಿಗೆ ನೆನಪಿಲ್ಲ. ಮೂರು ಡಿಸ್ಕುಗಳು ನಾಲ್ಕು ಸ್ಥಾನಗಳಲ್ಲಿ 24 ರೀತಿ ಕೂರಬಹುದು. ಒಂದೊಂದು ಡಿಸ್ಕಿಗೆ ಎಷ್ಟು ಕಿಲೋಬೈಟಿನ ತುಂಡು ಬರೆಯಬೇಕು, ಪ್ಯಾರಿಟಿ ಯಾವ ಸುತ್ತಿನಲ್ಲಿ ಸಾಗಬೇಕು ಎಂಬುದನ್ನು ಪೆಟ್ಟಿಗೆಯ ಚಿಪ್ ತನ್ನದೇ ರೀತಿಯಲ್ಲಿ ನಿರ್ಧರಿಸಿರುತ್ತದೆ. ಮೊದಲು ಮೂರನ್ನೂ ಒಂದೂ ಸೆಕ್ಟರ್ (ಡಿಸ್ಕಿನಲ್ಲಿ ಡೇಟಾ ಕೂರುವ ಪುಟ್ಟ ಭಾಗ) ಬಿಡದೆ ನಕಲು ಮಾಡಿಕೊಂಡೆ. ಮೂಲ ಡಿಸ್ಕ್ ಮೇಲೆ ಪ್ರಯೋಗ ಮಾಡುವಂತಿಲ್ಲ. ಆಮೇಲೆ ದೊಡ್ಡದೊಂದು ವಿಡಿಯೊ ಫೈಲಿನ ತುಂಡುಗಳನ್ನು ಹುಡುಕಿ, ಒಂದರ ಕೊನೆ ಇನ್ನೊಂದರ ಮೊದಲಿಗೆ ಎಲ್ಲಿ ಕೂಡುತ್ತದೆ ಎಂದು ನೋಡುತ್ತಾ ಕ್ರಮ ಕಟ್ಟಿದೆ.

ಮನೆ ಬಳಕೆಗೆ ಯಾವ ರೇಡ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದು: ರೇಡ್ ಬೇಡ, ಪ್ರತಿ ಡಿಸ್ಕೂ ಬೇರೆ ಬೇರೆಯಾಗಿ ಕಾಣುವ ಮೋಡ್ ಇಡಿ. ಫೋಟೊ ಒಂದರಲ್ಲಿ, ಸಿನಿಮಾ ಒಂದರಲ್ಲಿ. ಪೆಟ್ಟಿಗೆ ಸತ್ತರೆ ಡಿಸ್ಕ್ ತೆಗೆದು ಬೇರೆ ಡಾಕಿಗೆ ಹಾಕಿ ಓದಬಹುದು. ಕೆಲವು ಪೆಟ್ಟಿಗೆಗಳು ಸೆಕ್ಟರಿನ ಅಳತೆಯನ್ನು ತಮ್ಮದೇ ರೀತಿ ತೋರಿಸುವುದರಿಂದ ಇದೂ ಖಚಿತವಲ್ಲ. ಅದಕ್ಕೇ, ತುಂಬಿಸುವ ಮೊದಲೇ ನಾಲ್ಕು ಫೈಲ್ ಹಾಕಿ, ಡಿಸ್ಕನ್ನು ಹೊರಗೆ ತೆಗೆದು ಬೇರೆಡೆ ತೆರೆದು ನೋಡಿ. ಹತ್ತು ನಿಮಿಷದ ಕೆಲಸ.

ರೇಡ್ ಬೇಕೇ ಬೇಕು ಎಂದರೆ ಎರಡು ಡಿಸ್ಕಿನಲ್ಲೂ ಒಂದೇ ಡೇಟಾ ಇಡುವ ಮಿರರ್ ಸಾಕು. ರೇಡ್ 5ರಲ್ಲಿ ಕೆಟ್ಟ ಡಿಸ್ಕ್ ಬದಲಿಸಿದಾಗ ಉಳಿದ ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಓದಬೇಕು. 8 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ತುಂಬಿಸಲು ಹೆಚ್ಚುಕಡಿಮೆ 15 ಗಂಟೆ. ಆ ಹೊತ್ತಿನಲ್ಲೇ ಇನ್ನೊಂದು ಕೈಕೊಟ್ಟು ನನ್ನ ಬಳಿ ಬಂದವರಿದ್ದಾರೆ. ಒಂದೇ ದಿನ ಕೊಂಡ ಡಿಸ್ಕುಗಳು ಒಟ್ಟಿಗೇ ಸವೆದಿರುತ್ತವೆ. ಹಳಿಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕಾದರೆ ಬದಲಿ ತುಂಬಿಸುವ ಕೆಲಸ ದಿನಗಟ್ಟಲೆ ಎಳೆಯುತ್ತದೆ. ಕೊಳ್ಳುವಾಗ, ಹಳಿಗಳನ್ನು ಹಾಗೆ ಹೊದಿಸದ ಸಿಎಂಆರ್ ಎಂದು ಕೇಳಿಯೇ ಕೊಳ್ಳಿ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯನ್ನು ತಿಂಗಳಿಗೊಮ್ಮೆ ನೋಡಿ. ಕೆಟ್ಟ ಸೆಕ್ಟರುಗಳನ್ನು ಎಣಿಸುವ 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳಲ್ಲಿ ಮೂಲ ಎಣಿಕೆ (raw) ಸೊನ್ನೆಯಾಗಿರಬೇಕು. ಅವು ಏರುತ್ತಾ ಹೋದರೆ ಮೊದಲು ಫೈಲುಗಳನ್ನು ಬೇರೆಡೆ ಸಾಗಿಸಿ, ಡಿಸ್ಕಿನ ಯೋಚನೆ ಆಮೇಲೆ. ಫ್ಯಾನಿನ ಧೂಳು ತೆಗೆಯಿರಿ, ಶಾಖ 45 ಡಿಗ್ರಿ ದಾಟಲು ಬಿಡಬೇಡಿ. ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ, ಈ ಪೆಟ್ಟಿಗೆಗೂ ಅದರ ಪ್ಲಗ್ಗಿಗೂ ಸಂಬಂಧವೇ ಇಲ್ಲದ ಒಂಟಿ ಡಿಸ್ಕಿನಲ್ಲಿ ಇರಲಿ. ನಕಲು ಮುಗಿದ ಮೇಲೆ ಕೇಬಲ್ ಕಳಚಿ ಬೀರುವಿನಲ್ಲಿಡಿ.

ಮೂರನೆಯ ದಿನ ಅವರ ಫೋಲ್ಡರುಗಳು ತೆರೆದುಕೊಂಡವು. ಹಿಂತಿರುಗಿಸುವಾಗ ಹೊಸ ಡಿಸ್ಕುಗಳ ಮೇಲೆ ಮಾರ್ಕರಿನಲ್ಲಿ 1, 2, 3, 4 ಎಂದು ಬರೆದೆ. ಅಡಾಪ್ಟರಿನ ಪಿನ್ ಬಳಿ ಬಿಳಿ ಟೇಪ್ ಸುತ್ತಿ "12 ವೋಲ್ಟ್, ಡಿಸ್ಕ್ ಪೆಟ್ಟಿಗೆ" ಎಂದು ಅವರ ಕೈಯಲ್ಲೇ ಬರೆಸಿದೆ.