ಒಣಗಿಸಿದ ಪ್ಲೇಟ್‌ಲೆಟ್: ಯಾವ ಪ್ರಾಣಿಯಲ್ಲಿ ಏನು ನೋಡಬೇಕು?

ರಕ್ತನಿಧಿಯ ಒಳಗೆ ಹೋದವರು ಅಜಿಟೇಟರ್ ನೋಡಿರುತ್ತೀರಿ. ಹಳದಿ ಬಣ್ಣದ ಪ್ಲೇಟ್‌ಲೆಟ್ (ಗಾಯದಲ್ಲಿ ರಕ್ತ ನಿಲ್ಲಿಸುವ ಚಿಕ್ಕ ಕಣ) ಚೀಲಗಳು ತಟ್ಟೆಯ ಮೇಲೆ ಹಗಲೂ ರಾತ್ರಿ ತೊಟ್ಟಿಲ ಹಾಗೆ ತೂಗುತ್ತಿರುತ್ತವೆ. 20–24 ಡಿಗ್ರಿ ಸೆಲ್ಸಿಯಸ್, ಸಾಮಾನ್ಯವಾಗಿ 5 ದಿನದ ಆಯಸ್ಸು. ಆ ಬೆಚ್ಚಗಿನ ಜಾಗದಲ್ಲಿ ಬ್ಯಾಕ್ಟೀರಿಯಾ ಕೂಡ ಸುಖವಾಗಿ ಬೆಳೆಯುತ್ತವೆ, ಅದಕ್ಕೇ ಜಾಸ್ತಿ ದಿನ ಇಡುವಂತಿಲ್ಲ. ಇದನ್ನು ಯುದ್ಧಭೂಮಿಗೋ ಆಂಬ್ಯುಲೆನ್ಸ್‌ಗೋ ಒಯ್ಯುವುದು ಹೇಗೆ? ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಬಹುದಲ್ವಾ?

(ಡೆಂಗಿ ಕಾಲದಲ್ಲಿ ‘ಬಿಳಿ ರಕ್ತಕಣ ಇಳಿದಿದೆ’ ಅನ್ನುವವರು ಬಹಳ ಸಲ ಹೇಳುವುದು ಪ್ಲೇಟ್‌ಲೆಟ್ ವಿಷಯ. ಎರಡೂ ಬೇರೆ ಬೇರೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ.)

ಸುಮ್ನೆ ಒಣಗಿಸಿದರೆ ಆಗುವುದಿಲ್ಲ. ಮೊದಲು ಮಂಜುಗಡ್ಡೆ ಮಾಡಿ, ಆಮೇಲೆ ನಿರ್ವಾತದಲ್ಲಿ ಇಟ್ಟರೆ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ. ಆದರೆ ನೀರು ಹೋದ ಕೂಡಲೇ ಕಣದ ಪೊರೆ ಕುಸಿಯುತ್ತದೆ. 1995ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ತಂಡ ಕಣಗಳನ್ನು ಪ್ಯಾರಾಫಾರ್ಮಾಲ್ಡಿಹೈಡ್‌ನಿಂದ ಗಟ್ಟಿ ಮಾಡಿ ಒಣಗಿಸಿತು. 2001ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ತಂಡ ಟ್ರೆಹಲೋಸ್ ಎಂಬ ಸಕ್ಕರೆ ಹಿಡಿಯಿತು. ಒಣಗಿದರೂ ಸಾಯದ ಆರ್ಟೀಮಿಯಾ ಸೀಗಡಿಯ ಭ್ರೂಣದಲ್ಲಿ ಇರುವುದೂ ಇದೇ. 37 ಡಿಗ್ರಿಯಲ್ಲಿ ನೆನೆಸಿಟ್ಟರೆ ಪ್ಲೇಟ್‌ಲೆಟ್ ತಾನೇ ಅದನ್ನು ಒಳಗೆಳೆದುಕೊಳ್ಳುತ್ತದೆ. ನೀರು ಹೋದ ಮೇಲೆ ಸಕ್ಕರೆ ಆ ಜಾಗದಲ್ಲಿ ನಿಂತು ಪೊರೆಯನ್ನು ಕಾಯುತ್ತದೆ.

ಇಲ್ಲೊಂದು ಮುಖ್ಯ ವಿಷಯ. ನೀರು ಬೆರೆಸಿದ ಮೇಲೆ ಎದ್ದು ಬರುವುದು ಮೊದಲಿನ ಪ್ಲೇಟ್‌ಲೆಟ್ ಅಲ್ಲ. ಒಳಗಿರಬೇಕಾದ ಫಾಸ್ಫಾಟಿಡೈಲ್‌ಸೆರೀನ್ ಎಂಬ ಪೊರೆಯ ಕೊಬ್ಬು ಹೊರಮೈಗೆ ಬಂದಿರುತ್ತದೆ. ಅದರ ಮೇಲೆ ಹೆಪ್ಪುಗಟ್ಟಿಸುವ ಅಂಶಗಳು ಕೂತು, ಹೆಪ್ಪು ಕಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವ ತಯಾರಾಗುತ್ತದೆ. ಗಾಯದಲ್ಲಿ ಒಳ್ಳೆಯದೇ. ಆದರೆ ಇಂಥ ಕಣ ರಕ್ತದಲ್ಲಿ ಬಹಳ ಹೊತ್ತು ಸುತ್ತುವುದಿಲ್ಲ. ಹಾಗಾಗಿ ಕೌಂಟ್ ಏರಲಿಲ್ಲ ಎಂದು ಔಷಧ ಸೋತಿತು ಅನ್ನಬಾರದು. ಅಳೆಯಬೇಕಾದ್ದು ರಕ್ತಸ್ರಾವ.

ಅಳೆಯುವುದು ಹೇಗೆ? ಪ್ಲೇಟ್‌ಲೆಟ್ ಕಡಿಮೆ ಮಾಡಿದ ಮೊಲದ ಕಿವಿಯಲ್ಲಿ ಚಿಕ್ಕ ಗಾಯ ಮಾಡಿ ರಕ್ತ ನಿಲ್ಲುವ ಹೊತ್ತು ನೋಡುತ್ತಾರೆ. ಅಪಘಾತದ ಗಾಯಕ್ಕೆ ಹಂದಿ. ಅರಿವಳಿಕೆ ಕೊಟ್ಟು ಯಕೃತ್ತಿಗೆ ಗಾಯ ಮಾಡುತ್ತಾರೆ, ಏಕೆಂದರೆ ಅಲ್ಲಿ ಪಟ್ಟಿ ಬಿಗಿದು ರಕ್ತ ನಿಲ್ಲಿಸಲು ಬರುವುದಿಲ್ಲ. ಹೀರಿದ ರಕ್ತ ಅಳೆದು, ನೆನೆದ ಗಾಜ್ ಬಟ್ಟೆಯನ್ನೂ ತಕ್ಕಡಿಗೆ ಹಾಕುತ್ತಾರೆ: ಒದ್ದೆ ತೂಕದಲ್ಲಿ ಒಣ ತೂಕ ಕಳೆದರೆ ಲೆಕ್ಕ ಸಿಕ್ಕಿತು. ಹಂದಿಯಲ್ಲಿ ಎರಡು ಕಿರಿಕಿರಿ. ಅದರ ಗುಲ್ಮ (ಸ್ಪ್ಲೀನ್) ರಕ್ತದ ದಾಸ್ತಾನು, ರಕ್ತ ಹೋದಾಗ ಕುಗ್ಗಿ ಒಳಗಿದ್ದದ್ದನ್ನು ಹೊರಗೆ ತಳ್ಳುತ್ತದೆ. ಲೆಕ್ಕ ತಪ್ಪದಿರಲಿ ಎಂದು ಎಷ್ಟೋ ಪ್ರಯೋಗಗಳಲ್ಲಿ ಗುಲ್ಮವನ್ನು ಮೊದಲೇ ತೆಗೆದಿರುತ್ತಾರೆ. ಇನ್ನೊಂದು, ಹಂದಿಯ ರಕ್ತ ನಮ್ಮದಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ.

ಇಲಿಯಲ್ಲಿ ಮನುಷ್ಯರ ಪ್ಲೇಟ್‌ಲೆಟ್ ಹಾಕಿದರೆ ಬೇರೆ ಗೋಳು. ಇಲಿಯ ವಾನ್ ವಿಲ್ಲೆಬ್ರಾಂಡ್ ಅಂಶ (ಪ್ಲೇಟ್‌ಲೆಟ್ ಅನ್ನು ಗಾಯಕ್ಕೆ ಅಂಟಿಸುವ ರಕ್ತದ ಪ್ರೋಟೀನ್) ನಮ್ಮ ಕಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಒಳ್ಳೆಯ ಔಷಧವೂ ಅಲ್ಲಿ ಕೆಟ್ಟದಾಗಿ ಕಾಣಬಹುದು.

ಅಪಾಯದ ಕಡೆಯೂ ನೋಡಿ. ಗಾಯದಲ್ಲಿ ಹೆಪ್ಪು ಮಾಡುವ ಕಣ ಶ್ವಾಸಕೋಶದಲ್ಲೂ ಮಾಡೀತು. ಅದಕ್ಕೇ ಕೊನೆಯಲ್ಲಿ ಶ್ವಾಸಕೋಶ, ಮೂತ್ರಪಿಂಡದ ಚೂರುಗಳಲ್ಲಿ ಹೆಪ್ಪು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾರೆ. ಯಾವ ಪ್ರಬಂಧ ಓದಿದರೂ ನಾನು ಮೊದಲು ನೋಡುವುದು ಈ ಭಾಗ. ಎರಡನೆಯದು, ಹೋಲಿಕೆಯ ಗುಂಪಿಗೆ ಕೊಟ್ಟದ್ದೇನು ಅನ್ನುವುದು.

2020ರಲ್ಲಿ ಪ್ರಕಟವಾದ ನಾಯಿಗಳ ಅಧ್ಯಯನವನ್ನೇ ತೆಗೆದುಕೊಳ್ಳಿ. ಇವು ಪ್ರಯೋಗಕ್ಕೆ ಸಾಕಿದ ನಾಯಿಗಳಲ್ಲ, ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುತ್ತಿದ್ದ ನಿಜವಾದ ರೋಗಿಗಳು. ಕೆಲವಕ್ಕೆ ಒಣಗಿಸಿದ್ದು, ಕೆಲವಕ್ಕೆ ಡಿಎಂಎಸ್‌ಒ ಎಂಬ ಶೀತದಿಂದ ಕಾಯುವ ದ್ರವ ಬೆರೆಸಿ ಮಂಜುಗಡ್ಡೆ ಮಾಡಿಟ್ಟದ್ದು. 24 ಗಂಟೆಯ ನಂತರ ರಕ್ತಸ್ರಾವದ ತೀವ್ರತೆಗೆ ಕೊಟ್ಟ ಅಂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ‘ಹಾಗಾದರೆ ಎರಡೂ ಒಂದೇ, ಎರಡೂ ಒಳ್ಳೆಯವು’ ಎಂದು ಬರೆದುಬಿಡಬೇಡಿ. ಏನೂ ಕೊಡದ ಗುಂಪು ಅಲ್ಲಿರಲಿಲ್ಲ.