ಪಟ್ಟದ ಗೊಂಬೆ ಪೆಟ್ಟಿಗೆಯಲ್ಲೇ ಇರಲಿ

ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದಿಂದ ಟ್ರಂಕು ಕೆಳಗಿಳಿಯುತ್ತದೆ. ಹಳೇ ಹತ್ತಿ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಪಟ್ಟದ ರಾಜ ರಾಣಿಯರನ್ನು ಬಿಚ್ಚುವಾಗ ಅಜ್ಜಿ ವರ್ಷವೆಲ್ಲ ಎತ್ತದ ಮಾತು ಎತ್ತುತ್ತಾರೆ. ರಾಣಿಯ ಮೂಗಿನ ಬಣ್ಣ ಎದ್ದದ್ದು ಯಾವ ಮಳೆಗಾಲದಲ್ಲಿ, ಮದುವೆಯಲ್ಲಿ ಈ ಜೋಡಿಯನ್ನು ಮಡಿಲಿಗಿಟ್ಟಾಗ ತವರಿನಲ್ಲಿ ಯಾರು ಅತ್ತರು, ಶೆಟ್ಟರ ಅಂಗಡಿಯ ತಕ್ಕಡಿ ಮುರಿದ ಪೋರ ಯಾರು. ಇದೇ ಅಜ್ಜಿಯನ್ನು ಜೂನ್ ತಿಂಗಳಲ್ಲಿ ಕೂರಿಸಿಕೊಂಡು "ನಿಮ್ಮ ಕಾಲದ ದಸರೆ ಹೇಗಿತ್ತು ಅಜ್ಜಿ?" ಎಂದು ಕೇಳಿ. "ಚೆನ್ನಾಗಿತ್ತಪ್ಪ" ಎನ್ನುವುದಕ್ಕಿಂತ ಹೆಚ್ಚು ಸಿಗುವುದು ಕಷ್ಟ.

ಗೊಂಬೆಗೆ ಈ ಬಲ ಬಂದದ್ದು ಎಲ್ಲಿಂದ? ಹಳೆಯದಾದ್ದರಿಂದ ಎನ್ನುವವರಿದ್ದಾರೆ, ಪೂಜೆಗೆ ಕೂತದ್ದರಿಂದ ಎನ್ನುವವರೂ ಇದ್ದಾರೆ. ಹನ್ನೊಂದು ತಿಂಗಳು ಅದು ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದೇ ಮುಖ್ಯ ಕಾರಣ. ನೆನಪಿನ ವಿಜ್ಞಾನದಲ್ಲಿ ನನಗೆ ಇದಕ್ಕಿಂತ ಸೊಗಸಾದ ವಿಚಾರ ಇನ್ನೊಂದು ಕಂಡಿಲ್ಲ.

ಮೆದುಳು ಎಲ್ಲವನ್ನೂ ಟೇಪಿನಂತೆ ಮುದ್ರಿಸಿಕೊಂಡಿರುತ್ತದೆ, ಗುಂಡಿ ಒತ್ತಿದರೆ ಸಾಕು ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಮಾಂಟ್ರಿಯಲ್‌ನ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಅಪಸ್ಮಾರದ ರೋಗಿಗಳ ಮೆದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿದಾಗ ಕೆಲವರಿಗೆ ಹಳೆಯ ಹಾಡು, ಅಮ್ಮನ ದನಿ ಕೇಳಿಸಿತು. ಈ ಸುದ್ದಿಯಿಂದಲೇ ಆ ನಂಬಿಕೆ ಬೆಳೆಯಿತು. ಆದರೆ 1963ರಲ್ಲಿ ಅವರೇ ಪ್ರಕಟಿಸಿದ ಲೆಕ್ಕ ನೋಡಿ: ಕಿವಿಯ ಬಳಿಯ ಮೆದುಳಿನ ಭಾಗವನ್ನು ಹೀಗೆ ಪರೀಕ್ಷಿಸಿದ 520 ರೋಗಿಗಳಲ್ಲಿ ಅಂಥ ಅನುಭವವಾದದ್ದು 40 ಜನರಿಗೆ. ಅದರಲ್ಲೂ ಎಷ್ಟೋ ಅನುಭವಗಳು ಕನಸಿನ ತುಣುಕುಗಳಂತಿದ್ದವು. ನೆನಪು ತೆರೆದು ಓದುವ ಕಡತವಲ್ಲ, ಸುಳಿವು ಸಿಕ್ಕಾಗಲೆಲ್ಲ ಮೆದುಳು ಅದನ್ನು ಹೊಸದಾಗಿ ಕಟ್ಟುತ್ತದೆ.

ಕಟ್ಟುವ ಕೆಲಸ ಹಿಪೊಕ್ಯಾಂಪಸ್ ಎಂಬ ಭಾಗದ್ದು. ಅದರೊಳಗಿನ ಸಿಎ3 ಎಂಬ ತಾಣದ ನರಕೋಶಗಳು ಹೊರಗಿನವರಿಗಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ ಮಾತಾಡುತ್ತವೆ. ಇಲಿಯ ಮೆದುಳಿನಲ್ಲಿ ಒಂದು ಸಿಎ3 ಕೋಶಕ್ಕೆ ಜೊತೆಯ ಸಿಎ3 ಕೋಶಗಳಿಂದಲೇ ಸುಮಾರು 12,000 ಸಂಪರ್ಕಗಳಿರುತ್ತವೆ. ಪಕ್ಕದ ಡೆಂಟೇಟ್ ಜೈರಸ್ ಎಂಬ ಭಾಗದಿಂದ ಬರುವ ದಪ್ಪ ಸಂಪರ್ಕಗಳು ಐವತ್ತರ ಆಸುಪಾಸು. ಒಂದು ಘಟನೆ ನಡೆದಾಗ ಒಟ್ಟಿಗೆ ಮಿಡಿದ ಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ. ಮುಂದೊಂದು ದಿನ ಆ ಗುಂಪಿನ ಕೆಲವೇ ಕೋಶಗಳು ಮಿಡಿದರೂ ಸಾಕು, ಅವು ಉಳಿದವನ್ನು ಎಬ್ಬಿಸುತ್ತವೆ. ಡೇವಿಡ್ ಮಾರ್ ಎಂಬ ತರುಣ 1971ರಲ್ಲಿ ಇದನ್ನು ಬರೀ ಗಣಿತದಿಂದ ಊಹಿಸಿದ. 2002ರಲ್ಲಿ ಸುಸುಮು ಟೊನೆಗಾವಾ ತಂಡ ಅದನ್ನು ಪ್ರಯೋಗಕ್ಕೆ ಒಡ್ಡಿತು. ಸಿಎ3 ಕೋಶಗಳಲ್ಲಿ ಮಾತ್ರ ಒಂದು ಗ್ರಾಹಕ ಪ್ರೋಟೀನ್ ಇಲ್ಲದಂತೆ ಬೆಳೆಸಿದ ಸುಂಡಿಲಿಗಳು ನೀರಿನ ತೊಟ್ಟಿಯಲ್ಲಿ ಮುಳುಗಿದ್ದ ಕಟ್ಟೆ ಎಲ್ಲಿದೆಯೆಂದು ಕಲಿತವು. ಸುತ್ತಲಿನ ನಾಲ್ಕು ಗುರುತುಗಳೂ ಇದ್ದಾಗ ನೇರ ಅಲ್ಲಿಗೇ ಈಜಿದವು. ಮೂರನ್ನು ತೆಗೆದು ಒಂದನ್ನೇ ಉಳಿಸಿದಾಗ ದಾರಿ ತಪ್ಪಿದವು. ಮಾಮೂಲಿ ಇಲಿಗಳಿಗೆ ಆ ಒಂದೇ ಸಾಕಾಗಿತ್ತು. ಅಜ್ಜಿಯ ಕೈಯಲ್ಲಿರುವ ಗೊಂಬೆ ಉಳಿದಿರುವ ಆ ಒಂದು ಗುರುತು.

ಎಲ್ಲ ಗುರುತಿಗೂ ಈ ಬಲವಿಲ್ಲ. ಓಲ್ಗಾ ಮತ್ತು ಮೈಕೆಲ್ ವಾಟ್ಕಿನ್ಸ್ 1975ರಲ್ಲಿ ತೋರಿಸಿದ ನಿಯಮ ಸರಳವಾಗಿದೆ: ಒಂದು ಸುಳಿವಿಗೆ ಅಂಟಿಕೊಂಡ ಸಂಗತಿಗಳು ಹೆಚ್ಚಿದಷ್ಟೂ ಅದು ಅವುಗಳಲ್ಲಿ ಯಾವುದೇ ಒಂದನ್ನು ಹೊರತೆಗೆಯುವ ಸಾಧ್ಯತೆ ಕುಸಿಯುತ್ತದೆ. ಹಳ್ಳಿಯಲ್ಲಿ "ಗಡಿಯಾರ ರಿಪೇರಿಯವರ ಮನೆ" ಎಂದು ಬರೆದ ಕಾಗದ ತಲುಪುತ್ತದೆ, ಏಕೆಂದರೆ ಅಂಥವರು ಒಬ್ಬರೇ. "ಗೌಡರ ಮನೆ, ಮಂಡ್ಯ" ಎಂದು ಬರೆದರೆ ಅಂಚೆಯಣ್ಣ ಏನು ಮಾಡಿಯಾನು? ನಡುಮನೆಯ ಷೋಕೇಸಿನಲ್ಲಿ ವರ್ಷವಿಡೀ ಕೂತ ಗೊಂಬೆ ಈ ಎರಡನೆಯ ಬಗೆಯದು. ಟಿವಿ, ಜಗಳ, ಕರೆಂಟ್ ಬಿಲ್ಲು, ನೆಂಟರು, ಎಲ್ಲದರ ಜೊತೆಗೂ ಅದು ಸೇರಿಕೊಂಡುಬಿಟ್ಟಿದೆ. ಮೊಬೈಲ್ ದಿನಾ ಬೆಳಿಗ್ಗೆ ತಾನಾಗಿ ಎತ್ತಿ ತೋರಿಸುವ ಹಳೆಯ ಫೋಟೊಗೂ ಇದೇ ಗತಿ. ತಿಂಗಳೊಪ್ಪತ್ತಿನಲ್ಲಿ ಅದು ಆ ದಿನದ ಫೋಟೊ ಆಗಿ ಉಳಿಯದೆ ಮೊಬೈಲಿನ ಇನ್ನೊಂದು ಚಿತ್ರವಾಗುತ್ತದೆ.

ಹಬ್ಬಕ್ಕೂ ಇದೇ ತೊಡಕಿದೆ ಎಂಬುದನ್ನು ಮರೆಯಬಾರದು. ಐವತ್ತು ಯುಗಾದಿಗಳ ಬೇವು-ಬೆಲ್ಲ ಒಂದರ ಮೇಲೊಂದು ಕೂತು "ಯುಗಾದಿ ಎಂದರೆ ಹೀಗೆ" ಎಂಬ ಒಂದೇ ಅಚ್ಚಾಗಿಬಿಡುತ್ತದೆ. ಅಚ್ಚಿಗೆ ಹೊಂದದ ವರ್ಷ ಮಾತ್ರ ಬಿಡಿಯಾಗಿ ಉಳಿಯುತ್ತದೆ: ಒಬ್ಬಟ್ಟಿನ ಹೂರಣ ನೀರಾದ ವರ್ಷ, ಸೂತಕ ಬಂದು ಹಬ್ಬ ನಿಂತ ವರ್ಷ. ಅದಕ್ಕೇ "ಹಬ್ಬ ಹೇಗೆ ಮಾಡುತ್ತಿದ್ದಿರಿ?" ಎಂದರೆ ಅಚ್ಚು ಸಿಗುತ್ತದೆ. "ಏನೋ ಎಡವಟ್ಟಾದ ಹಬ್ಬ ಯಾವುದು?" ಎಂದರೆ ಕಥೆ ಸಿಗುತ್ತದೆ.

ಹಾಡಿನ ವಿಷಯ ಇನ್ನೂ ಸ್ವಾರಸ್ಯ. ಪ್ರತಿದಿನ ಬೆಳಿಗ್ಗೆ ಕೇಳುವ ಸುಪ್ರಭಾತ ಮನಸ್ಸಿಗೆ ನೆಮ್ಮದಿ ಕೊಡಬಹುದು, ಒಂದು ನಿರ್ದಿಷ್ಟ ದಿನವನ್ನು ಎತ್ತಿಕೊಡುವುದಿಲ್ಲ. ಅದು ಸಾವಿರಾರು ಬೆಳಗುಗಳಿಗೆ ಅಂಟಿಕೊಂಡಿದೆ. ಒಂದು ಬೇಸಿಗೆಯಲ್ಲಿ ಊರೆಲ್ಲ ಗುನುಗಿ ಆಮೇಲೆ ಮರೆತ ಚಿತ್ರಗೀತೆ, ಒಬ್ಬ ಸೋದರತ್ತೆ ಮಾತ್ರ ಹೇಳುತ್ತಿದ್ದ ಹಸೆಗೆ ಕರೆಯುವ ಹಾಡು, ಬೀಸುವ ಕಲ್ಲಿನ ಜೊತೆಗೇ ಮನೆಬಿಟ್ಟ ರಾಗಿ ಬೀಸುವ ಪದ, ಇವು ಕಾಲವನ್ನು ಕಚ್ಚಿಕೊಂಡಿರುತ್ತವೆ. ಹತ್ತರಿಂದ ಇಪ್ಪತ್ತೈದು ಮೂವತ್ತರ ವಯಸ್ಸಿನ ಸಂಗತಿಗಳು ಮುಪ್ಪಿನಲ್ಲಿ ಹೆಚ್ಚು ನೆನಪಾಗುತ್ತವೆ ಎಂಬುದು ಹಲವು ದೇಶಗಳಲ್ಲಿ ಕಂಡ ಸತ್ಯ. 1945ರಲ್ಲಿ ಹುಟ್ಟಿದವರಿಗೆ 1955ರಿಂದ 1970ರವರೆಗಿನ ಹಾಡು ಹುಡುಕಿ. ಇದಕ್ಕಿಂತ ಅಚ್ಚರಿಯದು ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹಾನ್ಸ್ಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಕಂಡದ್ದು. ಇಪ್ಪತ್ತರ ಆಸುಪಾಸಿನವರಿಗೆ ತಾವು ಹುಟ್ಟುವ ಮುಂಚಿನ, ಅಪ್ಪ ಅಮ್ಮನ ಹರೆಯದ ಹಾಡುಗಳೂ ವಿಶೇಷವಾಗಿ ಗುರುತಿದ್ದವು, ನೆನಪು ತರುತ್ತಿದ್ದವು. ಮನೆಯಲ್ಲಿ ದೊಡ್ಡವರು ಹಚ್ಚಿದ ಹಾಡು ಮಕ್ಕಳ ಬಾಲ್ಯಕ್ಕೂ ಸುಳಿವಾಗಿ ಕೂತುಬಿಡುತ್ತದೆ.

ಇಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಪ್ರಾಧ್ಯಾಪಕರು ಅವರು. 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಒಂದು ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ರೇಡಿಯೊ ಶುರುಮಾಡಿದರು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ಕಲಿಸಿದವರೇ ಕನ್ನಡದ ಮನೆಗಳಿಗೆ ಹಾಡು ತಲುಪಿಸಲು ಹೊರಟದ್ದು ನಮ್ಮ ವಿಜ್ಞಾನ ಚರಿತ್ರೆಯ ಅಪರೂಪದ ಸಂಗತಿ. ನಮ್ಮ ಪಠ್ಯಗಳಲ್ಲಿ ಅವರಿಗೆ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು.

ವಾಸನೆ ಇನ್ನೂ ಹಿಂದಕ್ಕೆ ಒಯ್ಯುತ್ತದೆ. ಪದ ಮತ್ತು ಚಿತ್ರಗಳು ಹನ್ನೊಂದರಿಂದ ಇಪ್ಪತ್ತರ ವಯಸ್ಸಿನ ನೆನಪು ತಂದರೆ ವಾಸನೆ ಹತ್ತರೊಳಗಿನದನ್ನು ತರುತ್ತದೆ ಎಂದು ಸ್ವೀಡನ್ನಿನಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕರಾವಳಿಯವರಿಗೆ ನಾಗರಪಂಚಮಿಯ ಅರಿಶಿನ ಎಲೆ ಕಡುಬಿನ ಹಬೆ ಅಂಥದ್ದು. ಮೂಗಿನಿಂದ ಹೊರಟ ಸಂಕೇತ ಮಿಕ್ಕ ಇಂದ್ರಿಯಗಳಂತೆ ಥಲಾಮಸ್ ಎಂಬ ನಡುನಿಲ್ದಾಣ ದಾಟಿ ಹೋಗಬೇಕಿಲ್ಲ, ಭಾವನೆಯ ಮತ್ತು ನೆನಪಿನ ತಾಣಗಳಿಗೆ ಎರಡು ಮೂರೇ ಹೆಜ್ಜೆಯಲ್ಲಿ ಮುಟ್ಟುತ್ತದೆ. ಮೂಗು ಬೇಗ ಒಗ್ಗಿಹೋಗುವುದರಿಂದ ಒಂದೆರಡು ಉಸಿರು ಎಳೆದು ದೂರ ಸರಿಸಬೇಕು. ಎದುರಿಗೇ ಇಟ್ಟುಕೊಂಡು ಕೂತರೆ ಕೆಲಸ ಕೆಡುತ್ತದೆ.

ಕಾರಣ ತಿಳಿಯದೆ ಮನಸ್ಸು ಕಲಕುವ ಈ ಅನುಭವವನ್ನು ಕಾಳಿದಾಸ ಶಾಕುಂತಲದ ಐದನೆಯ ಅಂಕದಲ್ಲಿ ಅಚ್ಚುಕಟ್ಟಾಗಿ ಹಿಡಿದಿದ್ದಾನೆ. ಹಂಸಪದಿಕೆಯ ಹಾಡು ಕೇಳಿ ದುಷ್ಯಂತನಿಗೆ ಏನೋ ತಳಮಳ. ಹಿಂದಿನ ಜನ್ಮದ ಒಲವು ನೆನಪಾಗುತ್ತಿರಬೇಕು ಎಂದುಕೊಳ್ಳುತ್ತಾನೆ. ನಾಟಕವೇ ಅವನ ವಿವರಣೆಯನ್ನು ಅಲ್ಲಗಳೆಯುತ್ತದೆ: ನೆನಪು ಇದೇ ಜನ್ಮದ್ದು, ಅದನ್ನು ಎಬ್ಬಿಸಲು ಹಾಡು ಸಾಲಲಿಲ್ಲ, ಉಂಗುರ ಬೇಕಾಯಿತು. ನ್ಯಾಯಸೂತ್ರದ ಮೂರನೆಯ ಅಧ್ಯಾಯವೂ ನೆನಪು ಏಳಲು ಅಭ್ಯಾಸ, ಗುರುತು, ಹೋಲಿಕೆ, ಅಗಲಿಕೆ, ಸುಖ, ದುಃಖ, ಭಯ ಎಂದು ಇಪ್ಪತ್ತಕ್ಕೂ ಹೆಚ್ಚು ಕಾರಣಗಳನ್ನು ಪಟ್ಟಿಮಾಡುತ್ತದೆ. ಇಂಥ ಪರಂಪರೆಯವರಾದ ನಾವು ಇಂದು ಪೂರ್ವಜನ್ಮ ತೋರಿಸುತ್ತೇವೆ ಎನ್ನುವ ಸಮ್ಮೋಹನದ ಕೋಣೆಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಿರುವುದು ನೋವಿನ ಸಂಗತಿ. ಸಮ್ಮೋಹನದಲ್ಲಿ ನೆನಪು ನಿಖರವಾಗುವುದಿಲ್ಲ. ಕಲ್ಪಿಸಿಕೊಂಡದ್ದೇ ನಿಜವೆಂಬ ಧೈರ್ಯ ಹೆಚ್ಚುತ್ತದೆ, ಅಷ್ಟೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವಲಿನ್ ಪಿಕ್ರೆಲ್ 1995ರಲ್ಲಿ ಯಾವ ಸಮ್ಮೋಹನವೂ ಇಲ್ಲದೆ, ಮನೆಯವರು ಹೇಳಿದ್ದು ಎಂಬ ನೆಪದಲ್ಲಿ, "ನೀನು ಚಿಕ್ಕಂದಿನಲ್ಲಿ ಅಂಗಡಿ ಸಾಲಿನಲ್ಲಿ ಕಳೆದುಹೋಗಿದ್ದೆ" ಎಂಬ ಸುಳ್ಳು ಘಟನೆಯನ್ನು 24 ಜನರ ಮುಂದಿಟ್ಟರು. ಸುಮಾರು ಕಾಲು ಭಾಗದವರು ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ 'ನೆನಪಿಸಿಕೊಂಡರು'.

ಮನೆಯ ಹಿರಿಯರ ನೆನಪು ದಾಖಲಿಸುವವರು ಈ ಪ್ರಯೋಗವನ್ನು ತಲೆಯಲ್ಲಿ ಇಟ್ಟುಕೊಂಡೇ ಕೂರಬೇಕು. ಒಂದು ಸಲಕ್ಕೆ ಒಂದೇ ವಸ್ತು ಅಥವಾ ಒಂದೇ ಹಾಡು. ಹಾಡಾದರೆ ಅರ್ಧ ನಿಮಿಷ ಕೇಳಿಸಿ ನಿಲ್ಲಿಸಿ, ಪೂರ್ತಿ ನುಡಿಸಿದರೆ ಅವರು ಹಾಡನ್ನೇ ಹಿಂಬಾಲಿಸುತ್ತಾರೆ. ಆಮೇಲೆ ಒಂದು ನಿಮಿಷವಾದರೂ ಬಾಯಿ ಬಿಡಬೇಡಿ. ಆ ಮೌನ ಕೂತವರಿಗೆ ಕಷ್ಟ, ನೆನಪು ಕಟ್ಟಿಕೊಳ್ಳುವುದು ಅಲ್ಲೇ. "ಆವತ್ತು ಚಿಕ್ಕಪ್ಪನೂ ಇದ್ದರಲ್ವಾ?" ಎಂದು ಕೇಳಿದರೆ ಚಿಕ್ಕಪ್ಪ ಬಂದು ಸೇರಿಕೊಳ್ಳುತ್ತಾರೆ, ಮುಂದಿನ ಸಲ ಅಂಗಿಯ ಬಣ್ಣದ ಸಮೇತ. "ಆಮೇಲೆ?", "ಅಲ್ಲಿ ಇನ್ನೇನಿತ್ತು?" ಇಷ್ಟು ಸಾಕು. ಅಕ್ಕತಂಗಿಯರಿದ್ದರೆ ಮೊದಲು ಒಬ್ಬೊಬ್ಬರನ್ನೇ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಮೊದಲೇ ಒಟ್ಟಾದರೆ ಜೋರು ದನಿಯವರ ಆವೃತ್ತಿ ಎಲ್ಲರದೂ ಆಗುತ್ತದೆ. ಅರ್ಧ ಗಂಟೆ ದಾಟಿಸಬೇಡಿ.

ಮೊಬೈಲಿನಲ್ಲಿ ಧ್ವನಿ ಹಿಡಿಯುವಾಗ ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ ಮಾತಾಡುವವರಿಂದ ಒಂದೂವರೆ ಅಡಿಯೊಳಗೆ ಇಡಿ. ಮೇಜಿನ ಮೇಲೆ ನೇರ ಇಟ್ಟರೆ ಬಳೆ, ಲೋಟದ ಸದ್ದೆಲ್ಲ ಮರದ ಮೂಲಕ ಒಳಹೋಗುತ್ತದೆ. ಆಯ್ಕೆ ಇದ್ದರೆ ವೇವ್ (.wav) ಫೈಲ್, 48 ಕಿಲೋಹರ್ಟ್ಸ್. ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ. ಹಳೆಯ ಕ್ಯಾಸೆಟ್ಟಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಬೂಷ್ಟು ಪ್ಲೇಯರಿನ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಆಮೇಲೆ ನುಡಿಸಿ, ಅಂಟಿಕೊಂಡ ಪದರಗಳು ಬಿಡುತ್ತವೆ.

ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯುವ ಚಾಳಿ ಬಹಳ ಹಾನಿ ಮಾಡಿದೆ. ಒತ್ತಿದ ಗೆರೆ ಮುಖದ ಮೇಲೇ ಮೂಡುತ್ತದೆ, ಶಾಯಿ ಪಕ್ಕದ ಫೋಟೊಗೆ ಹತ್ತುತ್ತದೆ. ಹಳೆಯ ಕಾಗದದ ಪ್ರಿಂಟಿಗೆ ಮೆದು ಪೆನ್ಸಿಲ್, ಅಂಚಿನಲ್ಲಿ, ಹಗುರವಾಗಿ. ಪ್ಲಾಸ್ಟಿಕ್ ಲೇಪದ ಪ್ರಿಂಟಿನ ಮೇಲೆ ಪೆನ್ಸಿಲ್ ನಿಲ್ಲುವುದಿಲ್ಲ, ಕಾಗದದ ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಬರೆಯಿರಿ, ಫೋಟೊ ಒಳಗಿಡುವ ಮುಂಚೆ. ಅಂಟಿನ ಹಾಳೆಯ ಆಲ್ಬಮ್ಮುಗಳಿಂದ ಬಿಡಿಸಲು ಹಲ್ಲಿನ ಸಂದಿಗೆ ಬಳಸುವ ದಾರವನ್ನು ಫೋಟೊ ಕೆಳಗೆ ತೂರಿಸಿ ನಿಧಾನ ಗರಗಸದಂತೆ ಆಡಿಸಿ. ಚಿಕ್ಕ ಪ್ರಿಂಟುಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ.

ಮದುವೆ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಡಬೇಡಿ. ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಜರಿಯ ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ರಬ್ಬರ್ ಬ್ಯಾಂಡಿನಲ್ಲೂ ಗಂಧಕವಿದೆ. ಗೊಂಬೆಗಳನ್ನು ಒಣ ಮೆದು ಕುಂಚದಿಂದ ಒರೆಸಿ, ಒಗೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ. ನ್ಯೂಸ್‌ಪೇಪರ್ ಬೇಡ, ಅದರ ಆಮ್ಲ ಮತ್ತು ಶಾಯಿ ಬಣ್ಣಕ್ಕೆ ಶತ್ರು. ನುಸಿಗುಳಿಗೆಯ ವಾಸನೆ ಬಚ್ಚಲಲ್ಲೂ ಬೀರುವಿನಲ್ಲೂ ಇರುವುದರಿಂದ ಸುಳಿವಾಗಿ ಅದು ಸವೆದುಹೋಗಿದೆ. ಗೊಂಬೆ ಟ್ರಂಕಿಗೆ ಒಂದು ಹಿಡಿ ಲಾವಂಚದ ಬೇರು ಹಾಕಿ, ಮನೆಯ ಬೇರೆಲ್ಲೂ ಅದನ್ನು ಬಳಸಬೇಡಿ. ಇಂದು ಐದು ವರ್ಷದ ಮಗುವಿಗೆ ಆ ಪರಿಮಳ ದಸರೆಯ ಪರಿಮಳವಾಗಿ ಕೂರುತ್ತದೆ.

ಮರೆವಿನ ಕಾಯಿಲೆಯವರ ವಿಷಯದಲ್ಲಿ ಒಂದು ಎಚ್ಚರ. ಆಲ್‌ಝೈಮರ್ ಕಾಯಿಲೆಯಲ್ಲಿ, ಹಳೆಯ ಹಾಡನ್ನು ಗುರುತಿಸಲು ನೆರವಾಗುವ ಮೆದುಳಿನ ತಾಣಗಳು ಮಿಕ್ಕವಕ್ಕಿಂತ ತಡವಾಗಿ ಸವೆಯುತ್ತವೆ ಎಂದು 2015ರ ಜರ್ಮನ್ ಅಧ್ಯಯನವೊಂದು ತೋರಿಸಿದೆ. ಮಕ್ಕಳ ಹೆಸರು ಮರೆತವರೂ ಆರತಿ ಹಾಡಿನ ಮುಂದಿನ ಸಾಲು ಎತ್ತಿಕೊಳ್ಳುವುದು ಇದರಿಂದಲೇ ಇರಬೇಕು. ಹಾಡು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಗುಣಪಡಿಸುತ್ತದೆ ಎನ್ನುವವರನ್ನು ನಂಬಬೇಡಿ. ದನಿ ಸಣ್ಣಗಿರಲಿ, ಟಿವಿ ಆರಿಸಿ, ಕಿವಿಯ ಯಂತ್ರ ಹಾಕಿದ್ದಾರೆಯೇ ನೋಡಿ. ಹಾಡಿನ ಹೆಸರು ಕೇಳಿ ಪರೀಕ್ಷೆ ಮಾಡಬೇಡಿ, ಜೊತೆಗೆ ಹಾಡಿ. ಮುಖ ಬಾಡಿದರೆ ಅಥವಾ ಕೈ ಹಿಸುಕಿಕೊಳ್ಳತೊಡಗಿದರೆ ತಕ್ಷಣ ನಿಲ್ಲಿಸಿ, ಆ ಹಾಡಿನ ಮುಂದೆ ಒಂದು ಗುರುತು ಹಾಕಿ, ಮನೆಯಲ್ಲಿ ನೋಡಿಕೊಳ್ಳುವ ಇತರರಿಗೂ ತಿಳಿಸಿ.