ಮರ್ತ್ಯಲೋಕದ ವ್ಯಾಪಾರ

ಹೋದ ತಿಂಗಳು ಶಿವಗಣಾರಾಧನೆಯ ಕಾರ್ಡಿನ ಕರಡೊಂದು ನನ್ನ ಮೇಜಿಗೆ ಬಂತು. ದಾವಣಗೆರೆಯ ಅಶೋಕ ರಸ್ತೆಯ ಪಕ್ಕದ ಓಣಿಯಲ್ಲಿರುವ ನಮ್ಮ ಮುದ್ರಣಾಲಯಕ್ಕೆ ವಾರಕ್ಕೆ ಇಂಥ ನಾಲ್ಕೈದು ಬರುತ್ತವೆ, ತಿದ್ದುವವನು ನಾನು. ‘ನಮ್ಮ ತಂದೆಯವರು ಮರ್ತಲೋಕದ ವ್ಯಾಪಾರ ಮುಗಿಸಿ ಲಿಂಗೈಕ್ಯರಾದರು’ ಎಂದಿತ್ತು. ತಕಾರಕ್ಕೆ ಯ ಒತ್ತು ಸೇರಿಸಿದೆ. ‘ವ್ಯಾಪಾರ’ಕ್ಕೆ ಸುತ್ತು ಹಾಕಿ ಮೇಲೆ ‘ಯಾತ್ರೆ’ ಎಂದು ಬರೆದೆ. ಎದುರಿಗೆ ಕುಳಿತಿದ್ದ ಮಗ ನನ್ನ ಪೆನ್ನನ್ನೇ ನೋಡುತ್ತಿದ್ದರು. ‘ಅದು ಮರೆತವರ ಲೋಕ ಅಲ್ಲವೇ ಸರ್? ಹುಟ್ಟಿದ ಮೇಲೆ ಎಲ್ಲವನ್ನೂ ಮರೆಯುತ್ತೇವೆ ಎಂದು ಅಪ್ಪನೇ ಹೇಳುತ್ತಿದ್ದರು’ ಎಂದರು.

ಅರ್ಥ ಸೊಗಸಾಗಿದೆ, ನಿಷ್ಪತ್ತಿ ಮಾತ್ರ ತಪ್ಪು. ಸಂಸ್ಕೃತದಲ್ಲಿ ಮೃ ಎಂದರೆ ಸಾಯು. ಮೃತ, ಮೃತ್ಯು, ಮರಣ, ಮಾರಕ ಎಲ್ಲವೂ ಆ ಧಾತುವಿನ ಮಕ್ಕಳು. ಸಾಯುವವನು ಎಂಬ ಅರ್ಥದ ಮರ್ತ್ಯವೂ ಹಾಗೆಯೇ. ಮುಂದೆ ಅಕಾರ ಬಂದರೆ ಅಮರ, ಅಮೃತ. ಋಗ್ವೇದದಲ್ಲಿ ದೇವತೆಗಳು ಅಮೃತರು, ಮನುಷ್ಯರು ಮರ್ತ್ಯರು. ಅಂಗಳದ ನಾಯಿಯೂ ಸಾಯುತ್ತದೆ, ಬೇವಿನ ಮರವೂ ಒಂದು ದಿನ ಒಣಗುತ್ತದೆ. ಆದರೂ ಈ ಹೆಸರು ಅಂಟಿದ್ದು ನಮಗೆ. ಹೆಸರಿಟ್ಟವರು ನಮ್ಮನ್ನು ದೇವರ ಪಕ್ಕದಲ್ಲಿ ನಿಲ್ಲಿಸಿ ನೋಡಿರಬೇಕು.

ಪ್ರಾಚೀನ ಪರ್ಷಿಯನ್ನಿನಲ್ಲಿ ಮನುಷ್ಯನಿಗೆ ಮರ್ತಿಯ ಎನ್ನುತ್ತಿದ್ದರು. ಅದೇ ಸವೆದು ಫಾರ್ಸಿಯ ಮರ್ದ್ ಆಗಿ ಉರ್ದುವಿಗೆ ಬಂತು. ನಮ್ಮ ಬೈಂಡಿಂಗ್ ಸಾಹೇಬರು ಹೊಸ ಹುಡುಗರನ್ನು ‘ಮರ್ದ್ ಆಗು’ ಎಂದು ಗದರುತ್ತಾರೆ. ಬೇರಿಗೆ ಹೋದರೆ ಅದು ‘ಸಾಯುವವನಾಗು’ ಎಂದಂತಾಗುತ್ತದೆ ಎಂದು ನಾನು ಒಮ್ಮೆ ಹೇಳಿಬಿಟ್ಟೆ. ಅವತ್ತು ಅವರು ನನ್ನೊಡನೆ ಚಹಾ ಕುಡಿಯಲಿಲ್ಲ. ಇಂಗ್ಲಿಷಿನ ಮಾರ್ಟಲ್, ಮರ್ಡರ್ ಕೂಡ ಇದೇ ಬಳಗದವು.

ಮನುಷ್ಯ ಎಂಬುದರ ದಾರಿ ಬೇರೆ. ಅದು ಮನುವಿನಿಂದ ಬಂದದ್ದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಅದರ ಪ್ರಾಕೃತದಲ್ಲಿ ಮನುಷ್ಯರು ‘ಮುನಿಸಾ’ ಆಗಿದ್ದಾರೆ. ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಕೋಪವೇ! ಜಂಬೂದ್ವೀಪದಲ್ಲಿ ದೇವರೊಡನೆ ಬೆರೆಯದಿದ್ದ ಮನುಷ್ಯರು ಈಗ ಬೆರೆತಿದ್ದಾರೆ ಎಂಬುದು ಆ ಸಾಲಿನ ತಾತ್ಪರ್ಯ. ಬೆರೆತದ್ದು ಹೇಗೆ ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಅಲ್ಲಿ ಮರ್ತ್ಯ ಎಂದು ಕೆತ್ತಿಸಿದ್ದರೆ ಬೆರೆಯುವ ಮಾತೇ ಸಿಕ್ಕಿಕೊಳ್ಳುತ್ತಿತ್ತು, ಆ ಪದದ ಹೊಟ್ಟೆಯಲ್ಲೇ ಬೇಲಿ ಇದೆಯಲ್ಲ.

ಕನ್ನಡಕ್ಕೆ ಬಂದ ಮೇಲೆ ಮರ್ತ್ಯ ಎಂದರೆ ಆಳಷ್ಟೇ ಅಲ್ಲ, ಅವನಿರುವ ಜಾಗವೂ ಆಯಿತು. ಆ ಜಾಗದ ಬೆಲೆ ಏರಿಸಿದವರು ಬಸವಣ್ಣನವರು: ‘ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ.’ ಕಮ್ಮಟವೆಂದರೆ ನಾಣ್ಯಕ್ಕೆ ಅಚ್ಚು ಹಾಕುವ ಟಂಕಸಾಲೆ. ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುತ್ತಾರೆ ಎಂದು ವಚನ ಮುಂದುವರಿಯುತ್ತದೆ. ‘ಸಲ್ಲು’ ಎಂಬುದು ಪೇಟೆಯ ಮಾತು. ಸವಕಲು ನಾಣ್ಯ ಸಲ್ಲುವುದಿಲ್ಲ ಎನ್ನುತ್ತೇವಲ್ಲ, ಅದೇ ಸಲ್ಲು. ಸಾಯುವವರ ಲೋಕ ಹೀಗೆ ನಾಣ್ಯ ತಯಾರಾಗುವ ಲೋಕವಾಯಿತು. ನಮ್ಮ ‘ತೀರಿಕೊಂಡರು’ ಎಂಬ ಮಾತಿನಲ್ಲಿಯೂ ನನಗೆ ಸಾಲ ತೀರಿದ ಸದ್ದು ಕೇಳಿಸುತ್ತದೆ.

ಇಷ್ಟನ್ನೂ ಆ ಮಗನಿಗೆ ಹೇಳಿದೆ. ಕರಡು ತಿದ್ದುವವನಿಗೆ ಕೇಳುವವರು ಸಿಗುವುದೇ ಅಪರೂಪ, ನಾನು ಬಿಡಲಿಲ್ಲ. ಅವರು ನನ್ನ ‘ಯಾತ್ರೆ’ಯ ಮೇಲೆ ಬೆರಳಿಟ್ಟರು.

‘ಹಾಗಾದರೆ ವ್ಯಾಪಾರವೇ ಇರಲಿ ಸರ್. ಅಪ್ಪ ಎಪಿಎಂಸಿಯಲ್ಲಿ ಮೂವತ್ತು ವರ್ಷ ಮೆಕ್ಕೆಜೋಳ ತೂಗಿದವರು.’

‘ಯಾತ್ರೆ’ಯನ್ನು ಹೊಡೆದು ಹಾಕಿದೆ. ಯ ಒತ್ತು ಉಳಿಯಿತು. ಐನೂರು ಕಾರ್ಡಿಗೆ ಹೇಳಿ, ಫೋಟೊ ಸ್ವಲ್ಪ ದೊಡ್ಡದಾಗಲಿ ಎಂದು ಹೋದರು.